ಇಳಿಯದೆ ಒತ್ತಿದ ಹೆಬ್ಬೆಟ್ಟು

ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಹೋದ ವಾರ ಪಾಯ ತೆಗೆಯಲು ಶುರುಮಾಡಿದರು. ಜೆಸಿಬಿ ಬಂದು ಎರಡು ದಿನ ಗುದ್ದಾಡಿ ಹೋದ ಮೇಲೆ ಅಡುಗೆಮನೆಯ ಕಿಟಕಿಯಿಂದ ಒಂದು ವಾಸನೆ ಒಳಗೆ ಬರತೊಡಗಿತು. ಮೇಲುಮಣ್ಣಿನ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತು, ಅದನ್ನು ಹೊಗಳದವರಿಲ್ಲ. ನಾನು ಹೇಳುತ್ತಿರುವುದು ಅದಲ್ಲ. ಐದಾರು ಅಡಿ ಕೆಳಗೆ ಬಿಸಿಲನ್ನೇ ಕಾಣದೆ ಮಲಗಿರುವ ಮಣ್ಣಿಗೆ ಬೇರೆಯೇ ವಾಸನೆ ಇರುತ್ತದೆ. ಬಹಳ ದಿನ ಮುಚ್ಚಿಟ್ಟ ಕಬ್ಬಿಣದ ಟ್ರಂಕು ತೆರೆದ ಹಾಗೆ. ನನ್ನ ಹೆಂಡತಿಗೆ ಅದು ಆಗುವುದಿಲ್ಲ. "ಕಿಟ್ಕಿ ಹಾಕಿ ಅಂದ್ರೆ! ಸಾರಿಗೆ ಹಾಕಿದ ಇಂಗೂ ಗೊತ್ತಾಗ್ತಿಲ್ಲ" ಎಂದು ಗದರಿದಳು. ನಾನು ಕಿಟಕಿ ಹಾಕಲಿಲ್ಲ. ಇಪ್ಪತ್ತೈದು ವರ್ಷ ಆ ವಾಸನೆಯಲ್ಲೇ ಅನ್ನ ಉಂಡವನು ನಾನು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ಆ ಸೈಟಿನ ಯಜಮಾನರು, ಪಾಪ, ಹೈಸ್ಕೂಲು ಮೇಷ್ಟ್ರು, ಗೇಟಿನ ಹತ್ತಿರ ಬಂದು ನಿಂತರು. "ಸಾರ್, ನೀವು ಈ ಕೆಲ್ಸದಲ್ಲೇ ತಲೆ ನೆರೆಸ್ಕಂಡೋರು. ಒಸಿ ಬಂದು ನಮ್ ಗುಂಡಿ ನೋಡ್ಬುಡಿ. ಇಳಿಯೋದೇನೂ ಬ್ಯಾಡ, ಮ್ಯಾಲಿಂದ ಒಂದ್ ಕಣ್ಣು ಹಾಯಿಸಿದ್ರೆ ಸಾಕು."

ಮಂಡಿ ನೋವು ಎಂದು ಹೇಳಿ ನಾನು ಒಳಗೆ ಬಂದು ಕೂತೆ. ನನಗೆ ಮಂಡಿ ನೋವು ಇರುವುದು ನಿಜ, ಆದರೆ ಅವತ್ತು ಇರಲಿಲ್ಲ. 'ಮೇಲಿಂದ ಒಂದು ಕಣ್ಣು ಹಾಯಿಸಿದರೆ ಸಾಕು' ಎಂಬ ಮಾತು ಕೇಳಿದ ಮೇಲೆ ಆ ಗೇಟಿನ ಹತ್ತಿರ ನಿಲ್ಲುವ ಮುಖ ನನಗೆ ಉಳಿಯಲಿಲ್ಲ. ಯಾಕೆ ಎಂದು ಹೇಳುತ್ತೇನೆ. ಹಳೆಯ ನೆನಪು ಎಂದರೆ ಸಿಹಿಯಾಗಿಯೇ ಇರಬೇಕು ಎಂದುಕೊಂಡಿದ್ದರೆ ಇಲ್ಲೇ ಎದ್ದು ಹೋಗಬಹುದು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಪಾಯದ ಕೆಲಸಕ್ಕೂ ಒಂದು ಸಂಘವೇ ಎಂದು ನೀವು ಕೇಳಬಹುದು. ಇತ್ತು, ಈಗಲೂ ಇದೆ. 'ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಆಳಪಾಯ ಹಾಗೂ ನೆಲಪರೀಕ್ಷಾ ವೃತ್ತಿನಿರತರ ಸಂಘ.' ಈ ಹೆಸರಿಟ್ಟ ಪುಣ್ಯಾತ್ಮ ನಾನೇ. ಬೋರ್ಡು ಬರೆಯುವವನು 'ವೃತ್ತಿನಿರತರ' ಎನ್ನುವಲ್ಲಿಗೆ ಬರುವಷ್ಟರಲ್ಲಿ ತಗಡು ಮುಗಿದುಹೋಯಿತು. ಕೊನೆಗೆ 'ಸಂಘ' ಎಂಬುದನ್ನು ಬೇರೊಂದು ಸಣ್ಣ ತಗಡಿನ ಮೇಲೆ ಬರೆದು ಕೆಳಗೆ ನೇತುಹಾಕಿದ. ಅದರ ಕೆಳಗೇ ಇದ್ದದ್ದು ಲೇಡೀಸ್ ಟೈಲರ್ ಅಂಗಡಿಯ ಬೋರ್ಡು. ಮಧುಗಿರಿ ಬಸ್ ನಿಲ್ದಾಣದ ಕಡೆಯಿಂದ ಬರುವವರಿಗೆಲ್ಲ 'ಸಂಘ ಲೇಡೀಸ್ ಟೈಲರ್' ಎಂದೇ ಕಾಣುತ್ತಿತ್ತು. ರವಿಕೆ ಬಟ್ಟೆ ಹಿಡಿದು ಮಹಡಿ ಹತ್ತಿ ಬಂದ ಹೆಂಗಸರಿಗೆ, ಸಂಘದ ಕಾರ್ಯದರ್ಶಿಯಾಗಿ, ನಾನು ಎಷ್ಟೋ ಸಲ ದಾರಿ ತೋರಿಸಿದ್ದೇನೆ.

ಸದಸ್ಯರು ತರಹೇವಾರಿ ಜನ. ಕಂಪ್ರೆಸರ್ ಇಟ್ಟುಕೊಂಡು ಬಂಡೆ ಕೊರೆಯುವವರು, ಬಾವಿ ತೋಡಿ ಪಳಗಿದವರು, ನನ್ನಂತೆ ಡಿಪ್ಲೊಮಾ ಮಾಡಿ ಶರ್ಟಿನ ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡವರು. ಪ್ರತಿ ಶುಕ್ರವಾರ ಸಂಜೆ ಸಭೆ, ಮಂಡಕ್ಕಿ, ಚಹಾ. ಒಂದು ಸಲ ಬೆಂಗಳೂರಿನಲ್ಲಿ ಆಳದ ಬುನಾದಿಯವರ ದೊಡ್ಡ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿದ್ದ ಶಿರಾದ ಬಾಷಾ ಸಾಹೇಬರೂ ನಾನೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋಗಿದ್ದೆವು. ತಣ್ಣನೆಯ ಹಾಲಿನಲ್ಲಿ ಪರದೆಯ ಮೇಲೆ ತೆಂಗಿನ ಮರಕ್ಕಿಂತ ಆಳದ ಕಾಂಕ್ರೀಟು ಕಂಬಗಳ ಚಿತ್ರ ತೋರಿಸುತ್ತಿದ್ದರು. ಊಟದ ಸಾಲಿನಲ್ಲಿ ನನ್ನ ಮುಂದಿದ್ದ ದೊಡ್ಡ ಮನುಷ್ಯರೊಬ್ಬರು ವಿಶ್ವಾಸದಿಂದ, ನಿಮ್ಮ ಕಡೆ ಎಷ್ಟು ಆಳ ಹೋಗುತ್ತೀರಿ ಎಂದು ಕೇಳಿದರು. ನಾನು ಆರಡಿ ಎಂದೆ. ಅವರು ಆರು ಮೀಟರ್ ಎಂದುಕೊಂಡು ತಲೆಯಾಡಿಸಿದರು, ನಾನು ತಿದ್ದಲಿಲ್ಲ. ಬರುವಾಗ ಬಸ್ಸಿನಲ್ಲಿ ಬಾಷಾ ಸಾಹೇಬರು ಅದನ್ನೇ ನೆನೆಸಿಕೊಂಡು ದಾಬಸ್‌ಪೇಟೆಯವರೆಗೂ ನಕ್ಕರು.

ಆದರೆ ಆ ಆರಡಿಯೇನೂ ಸುಲಭದ್ದಲ್ಲ. ಮಧುಗಿರಿಯವರಿಗೆ ತಲೆಯ ಮೇಲೆ ಅಷ್ಟು ದೊಡ್ಡ ಒಂಟಿ ಬಂಡೆ ಕೂತಿರುವುದರಿಂದ ಕಾಲ ಕೆಳಗೂ ಎಲ್ಲ ಕಡೆ ಬಂಡೆಯೇ ಇದೆ ಎಂಬ ಧೈರ್ಯ. ಗುಂಡಿ ತೆಗೆದು, ತಳದಲ್ಲಿ ಕಲ್ಲು ಸಿಕ್ಕಿತೆಂದರೆ ಸಾಕು, ಪಾಯಸದ ಊಟಕ್ಕೆ ಸಿದ್ಧ. ಅಲ್ಲೇ ಇರುವುದು ಮೋಸ. ಆ ಕಲ್ಲು ಊರಗಲ ಹರಡಿದ ಹಾಸುಬಂಡೆಯಾದರೆ ನಾಲ್ಕು ಮಹಡಿ ಕಟ್ಟಿ. ಸುತ್ತಲೂ ಮಣ್ಣು ತುಂಬಿಕೊಂಡು ಒಂಟಿಯಾಗಿ ಕೂತ ಗುಂಡುಕಲ್ಲಾದರೆ, ಅದರ ಮೇಲೆ ಕಂಬ ನಿಲ್ಲಿಸಿದ ಒಂದೆರಡು ಮಳೆಗಾಲಕ್ಕೆ ಕಲ್ಲು ಜಗ್ಗುತ್ತದೆ, ಜೊತೆಗೆ ಕಂಬವೂ ಜಗ್ಗುತ್ತದೆ. ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ನಮ್ಮ ಸಂಘದಲ್ಲಿ ಒಂದು ಕಟ್ಟಳೆ ಮಾಡಿಕೊಂಡಿದ್ದೆವು. ಕಾಂಕ್ರೀಟು ಹಾಕುವ ಮೊದಲು ಇಬ್ಬರು ಸದಸ್ಯರು ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ಗುಂಡಿಗೆ ಇಳಿಯಬೇಕು. ಗಡಾರಿ ಎತ್ತಿ ಕಲ್ಲಿನ ಮೇಲೆ ಕುಟ್ಟಬೇಕು. ಹಾಸುಬಂಡೆಯಾದರೆ ಏಟು ಕೈಗೆ ಬರುತ್ತದೆ. ಗುಂಡಾದರೆ ಅಂಗಾಲಿಗೆ ಬರುತ್ತದೆ. ಒಪ್ಪಿಗೆಯಾದ ಮೇಲೆ ಗುಂಡಿಯ ತಳದ ಮಣ್ಣನ್ನು ಚೂರು ಒದ್ದೆಮಾಡಿ, ಸಂಘದ ರಿಜಿಸ್ಟರಿನಲ್ಲಿ ಆ ಸೈಟಿನ ಪುಟಕ್ಕೆ ಸಹಿಯ ಪಕ್ಕ ಹೆಬ್ಬೆಟ್ಟು ಒತ್ತಬೇಕು. ಇಳಿದದ್ದಕ್ಕೆ ಅದೇ ಸಾಕ್ಷಿ. ನಮ್ಮ ಹೆಬ್ಬೆಟ್ಟು ಬಿದ್ದ ಕಟ್ಟಡ ಎಂದರೆ ನಾಲ್ಕು ತಾಲ್ಲೂಕಿನಲ್ಲೂ ಒಂದು ಬೆಲೆ ಇತ್ತು. 'ಗುಂಡಿಗೆ ಇಳಿಯದೆ ಯಾರೂ ಹೆಬ್ಬೆಟ್ಟು ಒತ್ತತಕ್ಕದ್ದಲ್ಲ' ಎಂಬ ವಾಕ್ಯವನ್ನು ಬರೆದವನೂ ನಾನೇ. ಆ 'ತಕ್ಕದ್ದಲ್ಲ' ನನಗೆ ಬಹಳ ಇಷ್ಟವಾಗಿತ್ತು.

ಅಂಗಾಲಿನ ವಿದ್ಯೆಯನ್ನು ನಮಗೆಲ್ಲ ಕಲಿಸಿದವರು ಕೊಳಾಲದ ಹನುಮಂತಣ್ಣ. ಬಾವಿ ತೋಡುತ್ತಲೇ ಬೆಳೆದವರು. ಎತ್ತರದ ಆಳು, ಮಾತು ಕಡಿಮೆ, ಓದು ಬರಹ ತಮ್ಮ ಹೆಸರು ಗೀಚುವಷ್ಟು ಮಾತ್ರ. ಅವರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಲು ಡಿಪ್ಲೊಮಾದವರು ಕೆಲವರು ಒಪ್ಪಿರಲಿಲ್ಲ. ನಾನು ಜಗಳಾಡಿ ಸೇರಿಸಿದೆ. ಈ ಮಾತನ್ನು ನಾನು ಬಹಳ ವರ್ಷ ಬಹಳ ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ, ಅವರ ಎದುರಿನಲ್ಲೂ ಹೇಳಿದ್ದೇನೆ. ಅವರು ಗುಂಡಿಗೆ ಇಳಿಯುವ ಮೊದಲು ಅಂಗಾಲುಗಳನ್ನು ನೀರಿನಲ್ಲಿ ತೊಳೆದು, ಪಂಚೆಯ ತುದಿಯಲ್ಲಿ ಒರೆಸಿಕೊಳ್ಳುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ಕೊಳೆ ಇದ್ರೆ ಕಾಲು ಕೇಳಿಸ್ಕಳಾಕಿಲ್ಲ ಸಾಮಿ" ಎಂದಿದ್ದರು.

ಹನ್ನೊಂದು ವರ್ಷದ ಹಿಂದಿನ ಮಾತು. ಪಾವಗಡದ ಆಚೆ, ವೈ.ಎನ್.ಹೊಸಕೋಟೆಯ ಹತ್ತಿರ ಶಿವಣ್ಣ ಎನ್ನುವವರು ಕಡಲೆಕಾಯಿ ಸುಲಿಯುವ ಮಿಲ್ಲು ಕಟ್ಟಲು ಹೊರಟಿದ್ದರು. ಹನ್ನೆರಡು ಕಂಬ, ಹನ್ನೆರಡು ಗುಂಡಿ. ನೋಡುವ ಪಾಳಿ ಹನುಮಂತಣ್ಣನದು ಮತ್ತು ನನ್ನದು. ಕಾಂಕ್ರೀಟು ಹಾಕುವ ಹಿಂದಿನ ದಿನವೇ ಅವರು ಹೋಗಿ ಎಲ್ಲ ಗುಂಡಿಗಳಿಗೂ ಇಳಿದು ಹತ್ತಿದ್ದರು. ಸಂಜೆ ನಾನು ಸೈಟಿಗೆ ಹೋದಾಗ ರಿಜಿಸ್ಟರಿನ ಪುಟದಲ್ಲಿ ತಮ್ಮ ಹೆಬ್ಬೆಟ್ಟು ಒತ್ತಿ, ಒಂದು ಮಾತು ಹೇಳಿದರು: "ಹನ್ನೊಂದ್ ಗುಂಡಿ ಹಾಸುಬಂಡೆ. ಆ ಈಶಾನ್ಯದ ಮೂಲೇದ್ ಮಾತ್ರ ನಂಗೆ ಅನ್ಮಾನ ಸಾಮಿ. ಅಂಗಾಲ್ಗೆ ಜುಮ್ ಅಂತು. ಅದು ಗುಂಡೇ ಇರ್ಬೇಕು. ನಾಳೆ ಒಸಿ ಪಕ್ಕಕ್ಕೆ ಮೂರಡಿ ಅಗೆಸಿ, ನೀವು ಇಳ್ದು ನೋಡಿ. ನಂಗೆ ನಾಳೆ ಬರಾಕಾಗಾಕಿಲ್ಲ, ಸೊಸೇನ ಆಸ್ಪತ್ರೆಗೆ ಕರ್ಕಂಡ್ ಓಗ್ಬೇಕು. ನೀವು ನೋಡ್ತೀರ ಅಂತಾವ ನಾನು ಹೆಬ್ಬೆಟ್ಟು ಇಕ್ಕಿವ್ನಿ."

"ನೀವು ನಿಶ್ಚಿಂತೆಯಾಗಿ ಹೋಗಿ ಹನುಮಂತಣ್ಣ, ನಾನಿದ್ದೇನಲ್ಲ" ಎಂದೆ. ಈಗ ಬರೆಯುವಾಗ ಆ ಮಾತಿನ ಮೇಲೆ ಕೈ ಓಡುತ್ತಿಲ್ಲ.

ಮಾರನೆಯ ದಿನ ಶಿರಾದಲ್ಲಿ ನಮ್ಮ ನೆಂಟರ ಮನೆಯ ನಿಶ್ಚಿತಾರ್ಥ. ಹನ್ನೆರಡು ಗಂಟೆಗೆ ಅಲ್ಲಿರಬೇಕು. ಹೆಂಡತಿ ಹೊಲಿಸಿಕೊಟ್ಟಿದ್ದ ಹೊಸ ಬಿಳಿ ಪ್ಯಾಂಟು ಹಾಕಿಕೊಂಡೇ ಮೊದಲು ಹೊಸಕೋಟೆ ಕಡೆ ಗಾಡಿ ತಿರುಗಿಸಿದೆ. ಸೈಟಿನಲ್ಲಿ ಮೇಸ್ತ್ರಿ ಕಾಯುತ್ತಿದ್ದ, ಮಿಕ್ಸರ್ ಆಗಲೇ ತಿರುಗುತ್ತಿತ್ತು. ಈಶಾನ್ಯದ ಗುಂಡಿಯ ಅಂಚಿಗೆ ಹೋಗಿ ಬಗ್ಗಿದೆ. ಏಣಿ ಮಣ್ಣಾಗಿತ್ತು. ತಳದ ಕಲ್ಲಿನ ಮೇಲೆ ಯಾರೋ ಒಂದು ಬಕೆಟ್ ನೀರು ಹೊಯ್ದಿದ್ದರು, ಅದು ಅಗಲವಾಗಿ, ನೀಲಿಯಾಗಿ, ತುಂಬ ಮರ್ಯಾದಸ್ಥನ ಹಾಗೆ ಹೊಳೆಯುತ್ತಿತ್ತು. ನಾನು ನನ್ನ ಪ್ಯಾಂಟು ನೋಡಿಕೊಂಡೆ. ಗಡಿಯಾರ ನೋಡಿಕೊಂಡೆ. "ಹಾಸುಬಂಡೆನೇ ಕಣಯ್ಯ, ಹಾಕು" ಎಂದು ಮೇಸ್ತ್ರಿಗೆ ಹೇಳಿದೆ.

ಇನ್ನು ಹೆಬ್ಬೆಟ್ಟು. ಇಳಿಯದಿದ್ದ ಮೇಲೆ ತಳದ ಮಣ್ಣು ಎಲ್ಲಿಂದ ಬರಬೇಕು? ನಿಂತಲ್ಲೇ ಬಗ್ಗಿ, ಬೂಟಿನ ಪಕ್ಕದ ಒಂದು ಚಿಟಿಕೆ ಮಣ್ಣು ತೆಗೆದು, ಬಾಟಲಿ ನೀರಿನಲ್ಲಿ ನೆನೆಸಿ ಒತ್ತಿಬಿಟ್ಟೆ. ಕೈಯನ್ನು ಕರವಸ್ತ್ರದಲ್ಲಿ ಒರೆಸಿಕೊಂಡೆ. ನಿಶ್ಚಿತಾರ್ಥದ ಊಟಕ್ಕೆ ಸರಿಯಾದ ಹೊತ್ತಿಗೆ ಹೋಗಿ, ಎರಡು ಹೋಳಿಗೆ ಹೆಚ್ಚಾಗಿಯೇ ತಿಂದೆ. ಪ್ಯಾಂಟಿಗೆ ತುಪ್ಪ ಬಿತ್ತು, ಆ ಕಲೆ ಕೊನೆಗೂ ಹೋಗಲಿಲ್ಲ.

ಮುಂದಿನ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಮಿಲ್ಲಿನ ಈಶಾನ್ಯದ ಮೂಲೆ ಕೂತಿತು. ಯಾರಿಗೂ ಏಟಾಗಲಿಲ್ಲ, ಅದೊಂದು ವಿಷಯದಲ್ಲಿ ದೇವರು ದೊಡ್ಡವನು. ಆದರೆ ಗೋಡೆ ಅಂಗೈ ತೂರುವಷ್ಟು ಬಿರಿದಿತ್ತು. ಶುಕ್ರವಾರದ ಸಭೆಗೆ ಶಿವಣ್ಣನವರು ಸೀದಾ ಮೆಟ್ಟಿಲು ಹತ್ತಿ ಬಂದರು. "ಏಮಿ ಸಾರ್ ಇದಿ? ನಿಮ್ ಸಂಘಂದು ಹೆಬ್ಬೆಟ್ಟು ನಂಬ್ಕಂಡ್ ಕಟ್ಟಿದ್ರೆ, ಲೋಪಲ, ಮಿಲ್ಲೊಳ್ಗೆ ನಿಂತ್ಕಂಡೇ ಆಕಾಶ ನೋಡ್ಬೋದು!" ಎಂದು ಅವರು ಪಾವಗಡದ ಕಡೆಯ ತೆಲುಗು ಬೆರೆಸಿ ಕೂಗಾಡುವಾಗ ಕೆಳಗಿನ ಟೈಲರ್ ಕೂಡ ಮಿಷನ್ ನಿಲ್ಲಿಸಿದ್ದು ಕೇಳಿಸಿತು. ಬಾಷಾ ಸಾಹೇಬರು ಅವರಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ರಿಜಿಸ್ಟರ್ ತರಿಸಿ ಮೇಜಿನ ಮೇಲೆ ಬಿಚ್ಚಿಟ್ಟರು. "ದೇಖೋ ಭಾಯ್, ಗಲಾಟೆ ಬ್ಯಾಡ. ಸಾಫಾಗಿ ಹೇಳ್ಬುಡಿ. ಆ ಮೂಲೆ ಗುಂಡಿ ಹಾಸುಬಂಡೆ ಅಂತ ಅಂದೋರು ಯಾರು?"

ಹನುಮಂತಣ್ಣ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತಿದ್ದರು. ಎಲ್ಲರೂ ನಮ್ಮಿಬ್ಬರನ್ನೂ ನೋಡಿದರು. ಒಂದು ಕ್ಷಣ ನನಗೆ ನಿಜ ಹೇಳುವ ಅವಕಾಶ ಇತ್ತು. ಬಾಯಿಯವರೆಗೂ ಬಂದಿತ್ತು ಎಂದು ಬರೆಯಲು ಆಸೆಯಾಗುತ್ತದೆ, ಆದರೆ ಬಂದಿರಲಿಲ್ಲ. ನಾನು ಹೇಳಿದ್ದು ಇಷ್ಟೇ: "ಆ ಗುಂಡಿಯ ವಿಷಯದಲ್ಲಿ ನಾನು ಹನುಮಂತಣ್ಣನವರ ಅಂಗಾಲನ್ನು ನಂಬಿದೆ."

ಅವರು ಎದ್ದು ಮೇಜಿನ ಹತ್ತಿರ ಬಂದರು. ರಿಜಿಸ್ಟರನ್ನು ಬೆಳಕಿಗೆ ತಿರುಗಿಸಿ ಪುಟದ ಮೇಲೆ ಬಗ್ಗಿದರು. ಎರಡು ಹೆಬ್ಬೆಟ್ಟು ಅಕ್ಕಪಕ್ಕ ಇದ್ದವು. ಅವರದು ಗುಂಡಿಯ ತಳದ್ದು, ಬಂಡೆ ಕರಗಿ ಆದ ಬಿಳಿಚಿದ ಮರಳುಮಣ್ಣು. ನನ್ನದು ಕೆಂಪು. ಹೊಸಕೋಟೆಯ ಹೊಲದ ಮೇಲುಮಣ್ಣಿನ ಅಪ್ಪಟ ಕೆಂಪು. ಆ ಕೋಣೆಯಲ್ಲಿದ್ದವರೆಲ್ಲ ಮಣ್ಣಿನ ಬಣ್ಣ ನೋಡಿ ಆಳ ಹೇಳುವವರೇ. ಆದರೆ ಕಟ್ಟಳೆ ಬರೆದ ಕಾರ್ಯದರ್ಶಿಯ ಹೆಬ್ಬೆಟ್ಟನ್ನು ಅನುಮಾನಿಸಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹನುಮಂತಣ್ಣ ನೋಡಿದರು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಮಂಡಕ್ಕಿ ತಟ್ಟೆ ನೋಡುತ್ತಾ ಕೂತೆ.

"ಅವ್ರೇ ಹೇಳಿದ್ಮ್ಯಾಕೆ ಅಂಗೇ ಇರ್ಬೋದು" ಎಂದರು. ಟವೆಲ್ಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಇಳಿದು ಹೋದರು.

ಅದನ್ನೇ ತಪ್ಪೊಪ್ಪಿಗೆ ಎಂದು ಸಭೆ ತಿಳಿಯಿತು. ಸುಳ್ಳು ಹೆಬ್ಬೆಟ್ಟು ಒತ್ತಿದ ಸದಸ್ಯನ ಹೆಸರನ್ನು ನಾಲ್ಕು ತಾಲ್ಲೂಕಿನ ಸಿಮೆಂಟು ಅಂಗಡಿಗಳಲ್ಲಿ ಅಂಟಿಸಬೇಕೆಂದು ಕಟ್ಟಳೆ ಇತ್ತು. ನೋಟೀಸು ಬರೆಯುವುದು ಕಾರ್ಯದರ್ಶಿಯ ಕೆಲಸ. 'ಕೊಳಾಲದ ಹನುಮಂತಪ್ಪನವರ ಹೆಬ್ಬೆಟ್ಟು ಇನ್ನು ಮುಂದೆ ಮಾನ್ಯವಲ್ಲ' ಎಂದು ನಾನು ನನ್ನ ದುಂಡು ಅಕ್ಷರದಲ್ಲಿ ಬರೆದೆ. ಅಕ್ಷರ ಚೆನ್ನಾಗಿದೆ ಎಂದು ಒಬ್ಬರು ಹೊಗಳಿದರು ಕೂಡ. ಆಮೇಲೆ ಸಂಘದವರೆಲ್ಲ ಸೇರಿ ಮಿಲ್ಲಿನ ಮೂಲೆಗೆ ಆನಿಕೆ ಕೊಟ್ಟು ಸರಿಮಾಡಿಕೊಟ್ಟೆವು. ಅದಕ್ಕಾಗಿ ಕಂಬದ ಪಕ್ಕ ಅಗೆಸಿದಾಗ ಅಲ್ಲಿದ್ದದ್ದು ಗುಂಡೇ. ಸರಿಯಾಗಿ ಮೂರಡಿಗೆ ಕಲ್ಲು ಮುಗಿದು ಮಣ್ಣು ಶುರುವಾಗಿತ್ತು. ನಾನು ಆ ಗುಂಡಿಗೆ ಅವತ್ತು ಬರಿಗಾಲಿನಲ್ಲಿ ಇಳಿದಿದ್ದೆ.

ಹನುಮಂತಣ್ಣನನ್ನು ಆಮೇಲೆ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಕೊಳಾಲದಲ್ಲಿ ಜನ ಅವರಿಗೆ 'ಮಿಲ್ಲು ಕೂರಿಸಿದ ಹನುಮಂತಪ್ಪ' ಎಂದು ಹೆಸರಿಟ್ಟಿದ್ದಾರೆ ಎಂದು ಕೇಳಿದೆ. ಒಂದು ಸಲ ಕೊರಟಗೆರೆಯಲ್ಲಿ ನಾನು ಹತ್ತಿದ ಬಸ್ಸಿಗೇ ಅವರೂ ಹತ್ತಿದರು. ನಾನು ಪೇಪರ್ ಬಿಡಿಸಿ ಮುಖಕ್ಕೆ ಹಿಡಿದುಕೊಂಡೆ, ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟೆ. ಅದು ಯಾವ ಊರು ಎಂದು ಕೂಡ ನನಗೆ ಗೊತ್ತಿರಲಿಲ್ಲ. ಬೇಲಿಯ ಪಕ್ಕ ಒಂದು ಗಂಟೆ ನಿಂತು ಮುಂದಿನ ಬಸ್ಸು ಹಿಡಿದೆ. ಹೀಗೆ ಹತ್ತು ವರ್ಷ ಕಳೆದವು ನೋಡಿ. ಈ ನಡುವೆ ನಾನು ಕಾರ್ಯದರ್ಶಿತನದಿಂದ ನಿವೃತ್ತನಾದೆ, ಶಾಲು ಹೊದಿಸಿದರು, 'ಪ್ರಾಮಾಣಿಕ ಸೇವೆ' ಎಂದು ಭಾಷಣ ಮಾಡಿದರು. ನಾನು ಕೈ ಮುಗಿದೆ.

ಮೇಷ್ಟ್ರು ಗೇಟಿನಿಂದ ಹೋದ ರಾತ್ರಿ ನನಗೆ ಊಟ ಸೇರಲಿಲ್ಲ. ಹೆಂಡತಿ ಏನು ಎಂದು ಕೇಳಿದಳು. ಮೊದಲ ಸಲ ಹೇಳಿದೆ. ಅವಳು ಎಲ್ಲ ಕೇಳಿ, "ಆ ಪ್ಯಾಂಟ್ ಹೊಲಿಸಿಕೊಟ್ಟೋಳು ನಾನಲ್ವಾ" ಎಂದಳು. ನನ್ನ ತಪ್ಪಿನಲ್ಲಿ ಪಾಲು ತೆಗೆದುಕೊಳ್ಳಲು ಬಂದವಳು ಅವಳೊಬ್ಬಳೇ.

ಮೊನ್ನೆ ಶುಕ್ರವಾರ ಸಭೆಗೆ ಹೋದೆ. ಬಾಷಾ ಸಾಹೇಬರು ಈಗಿಲ್ಲ. ಅಧ್ಯಕ್ಷರು, ಕಾರ್ಯದರ್ಶಿ ಎಲ್ಲ ಹೊಸಬರು. ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದೆ. ಮುಗಿಸಿದಾಗ ಅಧ್ಯಕ್ಷರು ಮೊಬೈಲು ಕೆಳಗಿಟ್ಟು, "ಬುಡಿ ಸಾರ್, ಹಳೇ ಕತೆ. ನಿಮ್ದು ದೊಡ್ಡ ಮನ್ಸು" ಎಂದರು. ನಾಲ್ಕು ಜನ ಚಪ್ಪಾಳೆ ತಟ್ಟಿದರು! ನಡಾವಳಿಯಲ್ಲಿ ಬರೆದುಕೊಳ್ಳಿ ಎಂದೆ. ಹೊಸ ಕಾರ್ಯದರ್ಶಿ ಬರೆದು ಓದಿದರು: 'ಮಾಜಿ ಕಾರ್ಯದರ್ಶಿಗಳು ಸಂಘದ ಹಳೆಯ ನೆನಪುಗಳನ್ನು ಹಂಚಿಕೊಂಡರು.' ಎಷ್ಟು ಮುತ್ತಿನಂಥ ವಾಕ್ಯ. ನಾನಿದ್ದರೂ ಹಾಗೆಯೇ ಬರೆಯುತ್ತಿದ್ದೆ. ಪೆನ್ನು ಕಿತ್ತುಕೊಂಡು, ಆ ಸಾಲು ಹೊಡೆದು, ನಾನೇ ಬರೆದೆ. ಮೂರೇ ವಾಕ್ಯ. ಅದರದೊಂದು ನಕಲು ಮಾಡಿಸಿ, ಸಂಘದ ಮೊಹರು ಹಾಕಿಸಿಕೊಂಡೆ. ಅಧ್ಯಕ್ಷರಿಗೆ ಇಷ್ಟವಾಗಲಿಲ್ಲ. ಮೊಹರು ಒತ್ತುವವರೆಗೂ ನಾನು ಕೂರಲಿಲ್ಲ.

ಭಾನುವಾರ ಕೊಳಾಲಕ್ಕೆ ಹೋದೆ. ಹನುಮಂತಣ್ಣನ ಸೊಸೆ ಮನೆಯ ಮುಂದೆ ಚಿಲ್ಲರೆ ಅಂಗಡಿ ಇಟ್ಟಿದ್ದಾಳೆ. ಅಂಗಡಿಯ ಜಗಲಿಯ ಮೇಲೆ ಅವರು ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಬೆನ್ನು ಬಾಗಿದೆ, ಕಣ್ಣು ಹಾಗೇ ಇದೆ. ಬನ್ನಿ ಎಂದರು, ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಅಷ್ಟೇ. ಕುಶಲ ಕೇಳಲಿಲ್ಲ. ನಾನು ಬಂದ ವಿಷಯ ಹೇಳಿದೆ, ತಪ್ಪಾಯಿತು ಎಂದೆ. ಅವರ ಕೈ ನಿಲ್ಲಲಿಲ್ಲ, ಬೀಜ ಒಂದು ಕಡೆ, ಹಣ್ಣು ಒಂದು ಕಡೆ ಹಾಕುತ್ತಲೇ ಇದ್ದರು.

"ಅವತ್ತು ನೀವು ಒಂದು ಮಾತು ಹೇಳಬಹುದಿತ್ತಲ್ಲ ಹನುಮಂತಣ್ಣ. ನನ್ನ ಹೆಬ್ಬೆಟ್ಟು ಕೆಂಪಗಿದೆ ಅಂತ."

"ನೀವೇ ಹೇಳ್ತೀರ ಅಂತ ಕಾದೆ ಸಾಮಿ. ಮೆಟ್ಲು ಇಳಿಯೋಗಂಟ ಕಾದೆ. ಬಸ್ ಸ್ಟ್ಯಾಂಡ್‌ನಾಗೆ ಎರಡು ಬಸ್ ಬುಟ್ಬುಟ್ಟು ಕಾದೆ. ನನ್ನ ಸಂಘಕ್ಕೆ ಸೇರಿಸ್ಕಂಡೋರು ಹಿಂದ್ಗುಟ್ಲೇ ಓಡಿ ಬತ್ತಾರೆ ಅಂತಾವ."

ಜೇಬಿನಿಂದ ಕಾಗದ ತೆಗೆದು ಅವರ ಕೈಗಿಟ್ಟೆ. ಅವರು ಮೊಹರನ್ನು ಬೆರಳಲ್ಲಿ ಸವರಿ ನೋಡಿ, ನನಗೇ ವಾಪಸು ಕೊಟ್ಟರು. ಕ್ಷಮಿಸಿದೆ ಎನ್ನುತ್ತಾರೇನೋ ಎಂದು ಕಾದೆ. ಅವರು ಬೀದಿಯ ಕಡೆ ತಿರುಗಿ ಕೂಗಿದರು. "ಲೇ ರಂಗ, ಬಾರ್ಲಾ ಇಲ್ಲಿ. ತಿಮ್ಮಕ್ಕ, ನೀನೂ ಬಾ. ಎಲ್ರೂ ಬರ್ರಿ. ಮಿಲ್ಲು ಕೂರ್ಸಿದ್ದು ಯಾರು ಅಂತ ಸಂಘದೋರು ಬರ್ದವ್ರೆ, ಕೇಳಿಸ್ಕಳಿ."

ಎಣ್ಣೆ ತೆಗೆದುಕೊಳ್ಳಲು ಬಂದಿದ್ದ ಹೆಂಗಸರು ಅಲ್ಲೇ ನಿಂತರು. ಎದುರುಮನೆಯ ಜಗಲಿಯಿಂದ ಮೂವರು ಇಳಿದು ಬಂದರು. ಯಾರೋ ಮೊಪೆಡ್ ನಿಲ್ಲಿಸಿದರು. "ನೀವೇ ಓದಿ ಸಾಮಿ" ಎಂದರು ಹನುಮಂತಣ್ಣ. ನಾನು ಎದ್ದು ನಿಂತು ಓದಿದೆ. ಮೊದಲನೆಯ ವಾಕ್ಯ ಚೆನ್ನಾಗಿಯೇ ಬಂತು. ಎರಡನೆಯದರಲ್ಲಿ, ಗುಂಡಿಗೆ ಇಳಿಯದೆ ಹೆಬ್ಬೆಟ್ಟು ಒತ್ತಿದವನ ಹೆಸರು ಬರುವ ಕಡೆ, ನನ್ನ ದನಿ ತಾನೇ ತಾನಾಗಿ ಸಣ್ಣದಾಯಿತು. ಮೂರನೆಯದನ್ನು ಹೇಗೋ ಮುಗಿಸಿ ಕಾಗದ ಮಡಿಸತೊಡಗಿದೆ.

"ಆ ನಡುವಿನ ಸಾಲು ಇನ್ನೊಂದ್ ಕಿತ ಓದ್ಬುಡಿ," ಎಂದರು ಹನುಮಂತಣ್ಣ. "ಒಸಿ ಜೋರಾಗಿ. ತಿಮ್ಮಕ್ಕಂಗೆ ಕಿವಿ ಮಂದ."

ನಾನು ಕಾಗದ ಬಿಡಿಸಿ, ಜೋರಾಗಿ ಓದಿದೆ.